ಪಟಿಯಾಲದ ಚೌಕದಲ್ಲಿ ಬಿದ್ದ ಏಟು

1988ರ ನವೆಂಬರ್. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ಜೊತೆ ಟೆಸ್ಟ್ ನಡೆದಿತ್ತು. ರಿಚರ್ಡ್ ಹ್ಯಾಡ್ಲಿ ಅತಿಹೆಚ್ಚು ವಿಕೆಟ್‌ಗಳ ವಿಶ್ವದಾಖಲೆ ಮಾಡಿದ ಪಂದ್ಯವೆಂದು ಹಳಬರಿಗೆ ಅದು ಈಗಲೂ ನೆನಪು. ಅದೇ ಪಂದ್ಯದಲ್ಲಿ ಪಟಿಯಾಲದ 25ರ ಪ್ರಾಯದ ಬ್ಯಾಟ್ಸ್‌ಮನ್ ಒಬ್ಬರು 116 ರನ್ ಹೊಡೆದರು. ಅದು ಅವರ ಮೊದಲ ಟೆಸ್ಟ್ ಶತಕ. ಸ್ಪಿನ್ನರ್‌ಗಳು ಬಂದರೆ ಸಾಕು, ಮುಂದೆ ನುಗ್ಗಿ ಚೆಂಡನ್ನು ಪ್ರೇಕ್ಷಕರ ನಡುವೆ ಎತ್ತಿಹಾಕುತ್ತಿದ್ದ ಆ ತೋಳಿನ ಕಸುವಿಗೆ ನಮ್ಮೂರು ಚಪ್ಪಾಳೆ ತಟ್ಟಿತ್ತು. ಹೆಸರು ನವಜೋತ್ ಸಿಂಗ್ ಸಿಧು.

ಒಂದೂವರೆ ತಿಂಗಳು ಕಳೆದು, ಡಿಸೆಂಬರ್ 27ರಂದು, ಅದೇ ತೋಳಿನ ಏಟು ಪಟಿಯಾಲದ ಒಂದು ಚೌಕದಲ್ಲಿ 65 ವರ್ಷದ ಹಿರಿಯರೊಬ್ಬರ ತಲೆಗೆ ಬಿತ್ತು. ಅವರು ಅಂದೇ ತೀರಿಕೊಂಡರು. ಆ ಏಟಿಗೆ ಎಷ್ಟು ಶಿಕ್ಷೆ ಎಂಬುದು ಕಡೆಗೂ ತೀರ್ಮಾನವಾದದ್ದು 2022ರ ಮೇ 19ರಂದು. ಅಷ್ಟರಲ್ಲಿ 33 ವರ್ಷ ದಾಟಿತ್ತು.

ರಸ್ತೆಯ ಮೇಲಿನ ಸಿಟ್ಟು ಸಾವಿನಲ್ಲಿ ಮುಗಿದಾಗ ಹೊಣೆ ಯಾರದು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಇದಕ್ಕಿಂತ ಉದ್ದದ ಉತ್ತರ ಬರೆದ ಪ್ರಕರಣ ನನಗೆ ಗೊತ್ತಿಲ್ಲ. ಇದರಲ್ಲಿ ಚಾಕು ಇಲ್ಲ, ಲಾಂಗು ಇಲ್ಲ. ಹಳೆ ದ್ವೇಷವಿಲ್ಲ, ಸಂಚಿಲ್ಲ. ದಾರಿ ಬಿಡಿ ಎಂದದ್ದು, ಕೈ ಎತ್ತಿದ್ದು, ಒಬ್ಬರು ಸತ್ತದ್ದು, ಇಷ್ಟೇ. ಇಷ್ಟು ಸರಳವಾದದ್ದನ್ನು ನಾಲ್ಕು ತೀರ್ಪುಗಳು ನಾಲ್ಕು ಬಗೆಯಲ್ಲಿ ಅಳೆದವು. ಖುಲಾಸೆ; ಮೂರು ವರ್ಷ ಸಜೆ; ಸಾವಿರ ರೂಪಾಯಿ ದಂಡ; ಒಂದು ವರ್ಷ ಕಠಿಣ ಸಜೆ. ಪುರಾವೆಯ ಕಡತ ಬದಲಾಗಲಿಲ್ಲ. ಅಳತೆಗೋಲು ಬದಲಾಗುತ್ತ ಹೋಯಿತು.

ಆ ದಿನ

ಶೇರಾಂವಾಲಾ ಗೇಟ್ ಪಟಿಯಾಲದ ಜನನಿಬಿಡ ಜಾಗ. ಅಲ್ಲಿನ ಕ್ರಾಸಿಂಗ್ ಹತ್ತಿರ ರಸ್ತೆಯ ನಡುವೆಯೇ ಒಂದು ಮಾರುತಿ ಜಿಪ್ಸಿ ನಿಂತಿತ್ತು. ಅದರಲ್ಲಿ ಸಿಧು ಮತ್ತು ಅವರ ಗೆಳೆಯ. ಹಿಂದಿನಿಂದ ಒಂದು ಮಾರುತಿ ಕಾರು ಬಂತು. ಅದರಲ್ಲಿ ಈ ಹಿರಿಯರೂ ಅವರ ಜೊತೆಗೆ ಇನ್ನಿಬ್ಬರೂ ಇದ್ದರು. ಹಣ ತೆಗೆಯಲು ಬ್ಯಾಂಕಿಗೆ ಹೊರಟಿದ್ದವರು. ಜಿಪ್ಸಿ ಪಕ್ಕಕ್ಕೆ ತೆಗೆಯಿರಿ, ನಾವು ಹೋಗಬೇಕು ಎಂದು ಹಿರಿಯರು ಕೇಳಿದರು. ಮಾತಿಗೆ ಮಾತು ಬೆಳೆಯಿತು. ದೂರಿನ ಪ್ರಕಾರ ಸಿಧು ಆ ಹಿರಿಯರನ್ನು ಕಾರಿನಿಂದ ಹೊರಗೆಳೆದು ಗುದ್ದಿದರು. ಅವರು ಕುಸಿದರು. ಬಿಡಿಸಲು ಬಂದವರಿಗೂ ಏಟು ಬಿತ್ತು ಎಂದು ದೂರು ಹೇಳುತ್ತದೆ. ಹೋಗುವಾಗ ಮಾರುತಿ ಕಾರಿನ ಕೀಲಿಯನ್ನು ಕಿತ್ತುಕೊಂಡು ಹೋದರು ಎಂಬ ಆರೋಪವೂ ಅದರಲ್ಲಿತ್ತು. ಹಿರಿಯರನ್ನು ರಿಕ್ಷಾದಲ್ಲಿ ರಾಜಿಂದ್ರ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ವೈದ್ಯರು ಪ್ರಾಣ ಹೋಗಿದೆ ಎಂದರು.

ಆ ಕೀಲಿಯ ಮಾತು ಓದಿದಾಗಲೆಲ್ಲ ನಾನು ಅಲ್ಲಿಯೇ ನಿಲ್ಲುತ್ತೇನೆ. ಆರೋಪ ನಿಜವೇ ಆಗಿದ್ದರೆ ಇಡೀ ಪ್ರಕರಣದಲ್ಲಿ ಹೊಣೆಯ ತೂಕ ಹೆಚ್ಚಿಸುವ ಸಂಗತಿ ಅದು. ಗುದ್ದುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವ ಕೆಲಸ. ಕೀಲಿ ಕೀಳುವುದು ಹಾಗಲ್ಲ. ಕೆಳಗೆ ಬಿದ್ದವನನ್ನು ನೋಡಬೇಕು, ಇವರು ಹಿಂದೆ ಬರಬಾರದು ಎಂದು ಎಣಿಸಬೇಕು, ಕಾರಿನೊಳಗೆ ಕೈಹಾಕಬೇಕು. ಸಿಟ್ಟು ಇಳಿದು ಲೆಕ್ಕಾಚಾರ ಶುರುವಾದ ಗಳಿಗೆ ಅದು. ಆದರೆ ಮೂರು ದಶಕಗಳ ಕಾನೂನು ವಾದವೆಲ್ಲ ನಡೆದದ್ದು ಗುದ್ದಿನ ಸುತ್ತ, ಕೀಲಿಯ ಸುತ್ತ ಅಲ್ಲ.

ಇನ್ನೊಂದು ಸಣ್ಣ ಮಾತು, ಇಲ್ಲಿಯೇ ಹೇಳಿ ಮುಗಿಸುತ್ತೇನೆ. ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿದವರು ಯಾರು ಎಂಬುದನ್ನು ಇಂಥ ಜಗಳಗಳಲ್ಲಿ ಎಲ್ಲರೂ ಬೇಗ ಮರೆಯುತ್ತಾರೆ. ಮೊದಲ ತಪ್ಪು ಅದೇ. ಬೇರೆಯವರ ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 122ನೇ ಕಲಂನಲ್ಲಿ ನಿಷೇಧವಿದೆ. ಆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1988ರ ಅಕ್ಟೋಬರ್‌ನಲ್ಲಿ, ಜಾರಿಗೆ ಬಂದದ್ದು 1989ರ ಜುಲೈನಲ್ಲಿ. ಪಟಿಯಾಲದ ಜಗಳ ನಡೆದದ್ದು ಈ ಎರಡರ ನಡುವೆ. ಅದಿರಲಿ, ತಪ್ಪು ಮಾಡಿದವನಿಗೆ ತಪ್ಪು ಎಂದು ಹೇಳಿದವನೇ ಏಟು ತಿನ್ನುವುದು ನಮ್ಮ ರಸ್ತೆಗಳಲ್ಲಿ ಹೊಸತಲ್ಲ. ಹಿಂದಿನಿಂದ ಹಾರ್ನ್ ಹಾಕಿದರೆಂದು ಕಾರಿನಿಂದ ಇಳಿದು ತೋಳು ಮಡಚುತ್ತ ಬರುವವರನ್ನು ನಮ್ಮ ಯಾವ ಸಿಗ್ನಲ್‌ನಲ್ಲಿ ಕಂಡಿಲ್ಲ?

ಎರಡನೇ ಕಾಲಂ

ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದಾಗ ಅದರಲ್ಲಿ ಆರೋಪಿಯೆಂದು ಇದ್ದದ್ದು ಗೆಳೆಯನ ಹೆಸರು ಮಾತ್ರ. ಸಿಧು ಹೆಸರು ಇದ್ದದ್ದು ಎರಡನೇ ಕಾಲಂನಲ್ಲಿ. ಪೊಲೀಸ್ ಪರಿಭಾಷೆಯಲ್ಲಿ ಅದರ ಅರ್ಥ, ಇವರ ಹೆಸರು ದೂರಿನಲ್ಲಿದೆ, ಆದರೆ ವಿಚಾರಣೆಗೆ ಕಳಿಸುವಷ್ಟು ಪುರಾವೆ ನಮಗೆ ಕಾಣಲಿಲ್ಲ ಎಂದು. ಗುದ್ದಿದ್ದು ಸಿಧು ಎಂದು ಸತ್ತವರ ಕಡೆಯವರು ಹೇಳುತ್ತಿದ್ದರೆ, ತನಿಖೆ ಬೊಟ್ಟು ಮಾಡಿದ್ದು ಪಕ್ಕದಲ್ಲಿದ್ದವನತ್ತ.

ಸತ್ತವರ ಕಡೆಯವರು ಸುಮ್ಮನಾಗಲಿಲ್ಲ. ಅವರು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಿದರು. ವಿಚಾರಣೆ ಶುರುವಾದ ಮೇಲೆ ಸಿಧು ಅವರನ್ನೂ ಆರೋಪಿಯಾಗಿ ಕರೆಸಿಕೊಳ್ಳಲು ನ್ಯಾಯಾಲಯ ದಂಡ ಪ್ರಕ್ರಿಯಾ ಸಂಹಿತೆಯ 319ನೇ ಕಲಂ ಬಳಸಿತು. ಎದುರಿಗಿರುವ ಸಾಕ್ಷ್ಯದಿಂದ ಇನ್ನೊಬ್ಬರ ಕೈವಾಡ ಕಂಡರೆ ಪೊಲೀಸರು ಬಿಟ್ಟವರನ್ನೂ ಕಟಕಟೆಗೆ ಕರೆಯುವ ಅಧಿಕಾರ ಅದು. ಕಡೆಗೆ ಇಬ್ಬರ ವಿಚಾರಣೆಯೂ ಒಟ್ಟಿಗೆ ನಡೆಯಿತು.

ಹೊಣೆಯ ಬಗ್ಗೆ ಮಾತಾಡುವಾಗ ನಾವು ಏಟು ಕೊಟ್ಟವನನ್ನು ನೋಡುತ್ತೇವೆ, ತಪ್ಪಲ್ಲ. ಆದರೆ ಸಾವಿನ ಲೆಕ್ಕ ಒಪ್ಪಿಸಬೇಕಾದ ಕಚೇರಿಯೇ ಮೊದಲ ಪುಟದಲ್ಲಿ ಒಂದು ಹೆಸರನ್ನು ಪಕ್ಕಕ್ಕೆ ಸರಿಸಿದರೆ, ಆಮೇಲೆ ಆ ಹೆಸರನ್ನು ಮತ್ತೆ ನಡುವೆ ತಂದು ನಿಲ್ಲಿಸುವ ಭಾರ ಸತ್ತವರ ಮನೆಯವರ ಹೆಗಲಿಗೆ ಬೀಳುತ್ತದೆ. ಈ ಮನೆಯವರು 33 ವರ್ಷ ಹೊತ್ತದ್ದು ಆ ಭಾರವನ್ನೇ.

ಇತ್ತ ಬದುಕು ನಿಲ್ಲಲಿಲ್ಲ. ಸಿಧು ಆಡುತ್ತಲೇ ಇದ್ದರು. 1996ರ ಮಾರ್ಚ್ 9ರ ರಾತ್ರಿ ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ಜೊತೆ ವಿಶ್ವಕಪ್ ಕ್ವಾರ್ಟರ್ ಫೈನಲ್. ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ರ ಸ್ಟಂಪ್ ಎಗರಿಸಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಮೊದಲು ಭಾರತದ ಇನಿಂಗ್ಸ್‌ಗೆ ಬುನಾದಿ ಹಾಕಿದ್ದು ಸಿಧು ಅವರ 93 ರನ್. ಅಂದು ಕೂಗಿ ಗಂಟಲು ಕಟ್ಟಿಸಿಕೊಂಡವರಲ್ಲಿ ನಾನೂ ಒಬ್ಬ. ಆ ಆಟಗಾರನ ಮೇಲೆ ಪಟಿಯಾಲದಲ್ಲಿ ಒಂದು ಸಾವಿನ ಮೊಕದ್ದಮೆ ಬಾಕಿ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೂಗುತ್ತಿರಲಿಲ್ಲವೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಕೂಗುತ್ತಿದ್ದೆ.

ತಲೆಯೋ, ಹೃದಯವೋ

ಈ ಪ್ರಕರಣದ ತಿರುಳು ಇರುವುದು ಮರಣೋತ್ತರ ಪರೀಕ್ಷೆಯಲ್ಲಿ. ಹಿರಿಯರ ದೇಹದ ಮೇಲೆ ಹೊರಗೆ ಕಂಡದ್ದು ತರಚು ಗಾಯ. ಒಳಗೆ ತಲೆಯ ಎಡಭಾಗದಲ್ಲಿ, ಮಿದುಳಿನ ಹೊದಿಕೆಯ ಕೆಳಗೆ ರಕ್ತಸ್ರಾವವಾಗಿತ್ತು. ಜೊತೆಗೆ ಅವರ ಹೃದಯವೂ ಆರೋಗ್ಯವಾಗಿರಲಿಲ್ಲ. ಹಾಗಾದರೆ ಪ್ರಾಣ ತೆಗೆದದ್ದು ಯಾವುದು? ವೈದ್ಯರ ಅಭಿಪ್ರಾಯ ತಲೆಯ ಪೆಟ್ಟು, ಹೃದಯದ ಸ್ಥಿತಿ ಎರಡನ್ನೂ ಹೆಸರಿಸಿತು. ವಕೀಲರಿಗೆ ಅಷ್ಟು ಸಾಕು. ಆರೋಪಿಗಳ ಕಡೆಯವರು ಹೃದಯವನ್ನು ಹಿಡಿದರು, ಸರ್ಕಾರದ ಕಡೆಯವರು ತಲೆಯನ್ನು.

ಪಟಿಯಾಲದ ಸೆಷನ್ಸ್ ನ್ಯಾಯಾಲಯ 1999ರ ಸೆಪ್ಟೆಂಬರ್ 22ರಂದು ಇಬ್ಬರನ್ನೂ ಖುಲಾಸೆ ಮಾಡಿತು. ಜಗಳದ ಒತ್ತಡದಲ್ಲಿ ಹೃದಯ ನಿಂತಿತು ಎಂಬ ಸಾಧ್ಯತೆಯನ್ನು ಅದು ಒಪ್ಪಿತು, ಸಂಶಯದ ಲಾಭ ಕೊಟ್ಟಿತು.

ಇಲ್ಲಿ ಕಾನೂನು ಪುಸ್ತಕ ತೆರೆಯಬೇಕು. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 299ನೇ ಕಲಂಗೆ ಮೂರು ವಿವರಣೆಗಳಿದ್ದವು. ಮೊದಲನೆಯದರ ಸಾರ: ರೋಗ ಅಥವಾ ನಿಶ್ಶಕ್ತಿಯಿಂದ ಬಳಲುತ್ತಿರುವವನಿಗೆ ಪೆಟ್ಟು ಮಾಡಿ ಅವನ ಸಾವನ್ನು ಬೇಗ ತಂದವನು ಆ ಸಾವನ್ನು ಉಂಟುಮಾಡಿದವನೇ. ಎರಡನೆಯದರ ಸಾರ: ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದ ಎಂದು ಹೇಳಿ ಪೆಟ್ಟು ಮಾಡಿದವನು ತಪ್ಪಿಸಿಕೊಳ್ಳುವಂತಿಲ್ಲ. ಅಂದರೆ ಈ ಸಂಹಿತೆಯ ಕರಡು ಬರೆದ ಮೆಕಾಲೆ ಕಾಲದ ಕಾನೂನೂ ಒಂದು ವಿಷಯದಲ್ಲಿ ಖಚಿತವಾಗಿತ್ತು. ನೀನು ಹೊಡೆದವನ ದೇಹ ಹೇಗಿದೆಯೋ ಹಾಗೆಯೇ ಅದು ನಿನ್ನ ಪಾಲಿನದು. ಮುದುಕನ ಹೃದಯ ದುರ್ಬಲವಾಗಿತ್ತು ಎಂಬುದು ಹೊಡೆದವನ ನೆಪವಾಗಲಾರದು.

ಆದರೆ ಇಲ್ಲೊಂದು ತೊಡಕಿದೆ, ನ್ಯಾಯವಾದ ತೊಡಕು. ಸಾವನ್ನು ಉಂಟುಮಾಡುವುದು ಬೇರೆ, ಅದಕ್ಕೆ ನರಹತ್ಯೆಯ ಅಪರಾಧ ಹೊರಿಸುವುದು ಬೇರೆ. ಎರಡನೆಯದಕ್ಕೆ ಮನಸ್ಸಿನ ಸ್ಥಿತಿಯೂ ಬೇಕು. ಕೊಲ್ಲುವ ಉದ್ದೇಶ ಇತ್ತೇ? ಅದಿಲ್ಲದಿದ್ದರೆ ಇದರಿಂದ ಸಾವು ಬರಬಹುದು ಎಂಬ ಅರಿವಾದರೂ ಇತ್ತೇ? ಅರಿವು ಮಾತ್ರ ಇದ್ದರೆ 304ನೇ ಕಲಂನ ಎರಡನೇ ಭಾಗ, ಹತ್ತು ವರ್ಷದವರೆಗೆ ಸಜೆ. ಅರಿವೂ ಇರಲಿಲ್ಲ, ನೋಯಿಸಬೇಕೆಂದಷ್ಟೇ ಹೊಡೆದ ಎಂದಾದರೆ 323ನೇ ಕಲಂ, ಹೆಚ್ಚೆಂದರೆ ಒಂದು ವರ್ಷ ಸಜೆ ಇಲ್ಲವೇ ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಹತ್ತು ವರ್ಷಕ್ಕೂ ಒಂದು ವರ್ಷಕ್ಕೂ ನಡುವಿನ ಕಂದಕದಲ್ಲಿ ನಿಂತಿರುವುದು ‘ಅರಿವು’ ಎಂಬ ಒಂದೇ ಪದ. ಬರಿಗೈ ಏಟಿನಿಂದ ಸಾವು ಸಂಭವಿಸಿದ ಪ್ರಕರಣಗಳು ನಮ್ಮ ನ್ಯಾಯಾಲಯಗಳಲ್ಲಿ ಈ ಕಂದಕದ ಆಚೆಗೋ ಈಚೆಗೋ ಬೀಳುತ್ತಲೇ ಇರುತ್ತವೆ.

ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಆಚೆ ದಡವನ್ನು ಆರಿಸಿತು. ಸಾವಿಗೆ ಕಾರಣ ಮಿದುಳಿನ ರಕ್ತಸ್ರಾವವೇ ಹೊರತು ಹೃದಯವಲ್ಲ ಎಂದು ತೀರ್ಮಾನಿಸಿ, 2006ರ ಡಿಸೆಂಬರ್‌ನಲ್ಲಿ ಇಬ್ಬರನ್ನೂ 304ರ ಎರಡನೇ ಭಾಗದಡಿ ತಪ್ಪಿತಸ್ಥರೆಂದು ಸಾರಿತು. ತಲಾ ಮೂರು ವರ್ಷ ಸಜೆ, ಒಂದು ಲಕ್ಷ ರೂಪಾಯಿ ದಂಡ.

ರಾಜಕೀಯದ ಹಾದಿಯಲ್ಲಿ ಒಂದು ತಿರುವು

ಅಷ್ಟು ಹೊತ್ತಿಗೆ ಸಿಧು ಅಮೃತಸರದ ಸಂಸದ. ಜನಪ್ರತಿನಿಧಿ ಕಾಯ್ದೆಯ 8(4)ನೇ ಕಲಂ ಆಗ ಜೀವಂತವಿತ್ತು. ಮೇಲ್ಮನವಿ ಹಾಕಿ ಕುರ್ಚಿಯಲ್ಲಿ ಉಳಿಯಲು ಹಾಲಿ ಸದಸ್ಯರಿಗೆ ಅದು ಅವಕಾಶ ಕೊಡುತ್ತಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2006ರಲ್ಲಿ ಆ ಅವಕಾಶ ಇದ್ದರೂ ಸಿಧು ರಾಜೀನಾಮೆ ಕೊಟ್ಟರು. 2007ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಗಷ್ಟೇ ಅಲ್ಲ, ದೋಷಿ ಎಂಬ ತೀರ್ಮಾನಕ್ಕೂ ತಡೆ ಕೊಟ್ಟಿತು. ಆ ಪೀಠದಲ್ಲಿ ಜಿ.ಪಿ. ಮಾಥುರ್ ಜೊತೆ ಇದ್ದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ಕುರ್ಚಿಗೆ ಅಂಟಿಕೊಳ್ಳದೆ ರಾಜೀನಾಮೆ ಕೊಟ್ಟದ್ದನ್ನು ಪೀಠ ಮೆಚ್ಚುಗೆಯಿಂದಲೇ ಗಮನಿಸಿತು. ಸಿಧು ಉಪಚುನಾವಣೆಗೆ ನಿಂತು ಗೆದ್ದರು. ರಾಜೀನಾಮೆ ದೊಡ್ಡತನವೇ ಸರಿ. ಆದರೆ ಅದು ರಾಜಕೀಯ ಹೊಣೆಗಾರಿಕೆ; ಚೌಕದಲ್ಲಿ ಬಿದ್ದ ಏಟಿನ ಹೊಣೆಗೂ ಅದಕ್ಕೂ ನಂಟು ಕಲ್ಪಿಸುವುದು ನನಗೆ ಕಷ್ಟ.

ಮೇಲ್ಮನವಿ ಮತ್ತೆ ಹನ್ನೊಂದು ವರ್ಷ ಮಲಗಿತು. ಅದು ಎದ್ದಾಗ ಸಿಧು ಪಕ್ಷ ಬದಲಿಸಿ ಪಂಜಾಬಿನ ಕಾಂಗ್ರೆಸ್ ಸರ್ಕಾರದಲ್ಲಿ ಮಂತ್ರಿಯಾಗಿದ್ದರು. 2018ರ ಏಪ್ರಿಲ್‌ನಲ್ಲಿ ಅದೇ ಪಂಜಾಬ್ ಸರ್ಕಾರದ ವಕೀಲರು ಸುಪ್ರೀಂ ಕೋರ್ಟಿನಲ್ಲಿ ನಿಂತು, ಹೈಕೋರ್ಟ್ ಕೊಟ್ಟ ಮೂರು ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಬೇಕು ಎಂದು ವಾದಿಸಿದರು. ತನ್ನದೇ ಮಂತ್ರಿಯ ವಿರುದ್ಧ ಸರ್ಕಾರದ ವಾದ! ಕೆಲವರು ಅದರಲ್ಲಿ ಒಳಜಗಳದ ವಾಸನೆ ಹಿಡಿದರು. ಇರಬಹುದು, ಇಲ್ಲದಿರಬಹುದು. ಫೌಜ್‌ದಾರಿ ಮೊಕದ್ದಮೆಯಲ್ಲಿ ಸರ್ಕಾರ ನಿಲ್ಲಬೇಕಾದ ಜಾಗ ಅದೇ ಆಗಿತ್ತು, ನನಗೆ ಅಷ್ಟು ಸಾಕು.

ಸಾವಿರ ರೂಪಾಯಿ

2018ರ ಮೇ 15ರಂದು ನ್ಯಾಯಮೂರ್ತಿಗಳಾದ ಜೆ. ಚಲಮೇಶ್ವರ್ ಮತ್ತು ಸಂಜಯ್ ಕಿಶನ್ ಕೌಲ್ ಅವರ ಪೀಠ ತೀರ್ಪು ಕೊಟ್ಟಿತು. ಸಾವಿನ ಕಾರಣದ ಬಗ್ಗೆ ವೈದ್ಯಕೀಯ ಪುರಾವೆ ಖಚಿತವಿಲ್ಲ, ಹಾಗಾಗಿ ನರಹತ್ಯೆ ಎನ್ನಲಾಗದು ಎಂದಿತು. ಗೆಳೆಯನ ಪಾತ್ರ ಸಾಬೀತಾಗಿಲ್ಲ ಎಂದು ಅವನನ್ನು ಪೂರ್ತಿ ಬಿಟ್ಟಿತು. ಸಿಧು ಏಟು ಕೊಟ್ಟದ್ದು ಮಾತ್ರ ಸಾಬೀತು, ಆದ್ದರಿಂದ 323ನೇ ಕಲಂ. ಶಿಕ್ಷೆ, ಸಾವಿರ ರೂಪಾಯಿ ದಂಡ. ಘಟನೆ ನಡೆದು ಮೂವತ್ತು ವರ್ಷವಾಗಿದೆ, ಹಿಂದಿನ ದ್ವೇಷವಿರಲಿಲ್ಲ, ಆಯುಧ ಬಳಸಿರಲಿಲ್ಲ ಎಂಬುವು ಕೊಟ್ಟ ಕಾರಣಗಳಲ್ಲಿ ಮುಖ್ಯವಾದವು.

ಸಾವಿರ ರೂಪಾಯಿ ಎಂದಾಗ ಜನ ನಕ್ಕರು. ಕಾನೂನಿನ ಪ್ರಕಾರ ಆ ಕಲಂನಡಿ ಹಾಕಬಹುದಾದ ಗರಿಷ್ಠ ದಂಡ ಅದೇ ಆಗಿತ್ತು. 1860ರಲ್ಲಿ ಬರೆದ ಅಂಕಿ. ಅಂದು ಅದು ಒಬ್ಬನನ್ನು ಮಣ್ಣುಪಾಲು ಮಾಡುವ ಮೊತ್ತವಾಗಿತ್ತು, ಇಂದು ಅದೇ ಕಾರಿಗೆ ಒಂದು ಸಲ ಪೆಟ್ರೋಲ್ ತುಂಬಿಸಲೂ ಸಾಲದು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಂ ಅದನ್ನು ಹತ್ತು ಸಾವಿರಕ್ಕೆ ಏರಿಸಿದೆ. ಸಜೆಯ ಗರಿಷ್ಠ ಮಿತಿ ಮಾತ್ರ ಅಂದಿನಂತೆ ಒಂದೇ ವರ್ಷ.

ನನಗೆ ಆ ತೀರ್ಪಿನಲ್ಲಿ ಒಪ್ಪಲಾಗದ್ದು ದಂಡದ ಮೊತ್ತವಲ್ಲ, ಮೂವತ್ತು ವರ್ಷ ಕಳೆದದ್ದನ್ನು ಶಿಕ್ಷೆ ಇಳಿಸುವ ಕಾರಣವಾಗಿ ತೆಗೆದುಕೊಂಡದ್ದು. ಆ ಮೂವತ್ತು ವರ್ಷ ಯಾರ ಖಾತೆಯದು? ಆರೋಪಿಯನ್ನು ಎರಡನೇ ಕಾಲಂಗೆ ಸರಿಸಿದ ತನಿಖೆಯದು, ಹನ್ನೊಂದು ವರ್ಷ ಹಿಡಿದ ವಿಚಾರಣೆಯದು, ಏಳೇಳು ವರ್ಷ, ಹನ್ನೊಂದು ವರ್ಷ ಕಾಯಿಸಿದ ಮೇಲ್ಮನವಿಗಳದು. ವಿಳಂಬ ಆರೋಪಿಗೂ ನರಕವೇ, ತಲೆಯ ಮೇಲೆ ತೂಗುಗತ್ತಿ ಇದ್ದಂತೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಈ ಕತ್ತಿಯ ಕೆಳಗೆ ಒಬ್ಬರು ಶತಕ ಬಾರಿಸಿದರು, ಸಂಸದರಾದರು, ಟಿವಿಯಲ್ಲಿ ನಕ್ಕು ನಗಿಸಿದರು, ಮಂತ್ರಿಯಾದರು. ಇನ್ನೊಂದು ಮನೆಯಲ್ಲಿ ವರ್ಷಕ್ಕೊಮ್ಮೆ ಡಿಸೆಂಬರ್ 27 ಬರುತ್ತಿತ್ತು.

ಕೈಯೂ ಆಯುಧ

ಮನೆಯವರು ಪುನರ್‌ಪರಿಶೀಲನಾ ಅರ್ಜಿ ಹಾಕಿದರು. ಅಂಥ ಅರ್ಜಿಗಳು ಸಾಮಾನ್ಯವಾಗಿ ಬಾಗಿಲಲ್ಲೇ ಸಾಯುತ್ತವೆ. ಇದು ಸಾಯಲಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ನೋಟಿಸ್ ಹೊರಟಿತು, ಆದರೆ ಶಿಕ್ಷೆಯ ಪ್ರಮಾಣದ ಪ್ರಶ್ನೆಗೆ ಮಾತ್ರ ಸೀಮಿತವಾಗಿ. ನರಹತ್ಯೆಯೋ ಅಲ್ಲವೋ ಎಂಬ ಕಡತ ಮತ್ತೆ ತೆರೆಯಲಿಲ್ಲ.

2022ರ ಮೇ 19ರಂದು ನ್ಯಾಯಮೂರ್ತಿಗಳಾದ ಎ.ಎಂ. ಖಾನ್ವಿಲ್ಕರ್ ಮತ್ತು ಸಂಜಯ್ ಕಿಶನ್ ಕೌಲ್ ಒಂದು ವರ್ಷದ ಕಠಿಣ ಸಜೆ ಕೊಟ್ಟರು. ಆ ಕಲಂನ ಗರಿಷ್ಠ ಅದೇ. ತೀರ್ಪು ಬರೆದವರು ಕೌಲ್. ನಾಲ್ಕು ವರ್ಷ ಮೊದಲು ಸಾವಿರ ರೂಪಾಯಿ ದಂಡಕ್ಕೆ ಸಹಿ ಹಾಕಿದ ಇಬ್ಬರಲ್ಲಿ ಅವರೂ ಒಬ್ಬರು. ಶಿಕ್ಷೆ ನಿಗದಿ ಮಾಡುವಾಗ ಗಮನಿಸಬೇಕಾದ ಕೆಲವು ಸಂಗತಿಗಳು ಅಂದು ಕಣ್ತಪ್ಪಿದವು ಎಂದು ತಮ್ಮದೇ ತೀರ್ಪಿನ ಬಗ್ಗೆ ಬರೆಯಲು ಒಬ್ಬ ನ್ಯಾಯಾಧೀಶರಿಗೆ ಎದೆಗಾರಿಕೆ ಬೇಕು.

ಕಣ್ತಪ್ಪಿದ್ದು ಏನು? ಹೊಡೆದವರ ದೇಹ. ಒಬ್ಬ ಬಾಕ್ಸರ್, ಒಬ್ಬ ಕುಸ್ತಿಪಟು, ಒಬ್ಬ ಕ್ರಿಕೆಟಿಗ ಅಥವಾ ಚೆನ್ನಾಗಿ ಮೈ ಹುರಿಗೊಳಿಸಿದ ಯಾರೇ ಹೊಡೆದರೂ ಕೈಯೇ ಆಯುಧವಾಗಬಲ್ಲದು ಎಂದಿತು ತೀರ್ಪು. 25 ವರ್ಷದ ಅಂತಾರಾಷ್ಟ್ರೀಯ ಆಟಗಾರನೊಬ್ಬ ತನ್ನ ಎರಡು ಪಟ್ಟಿಗೂ ಮೀರಿದ ವಯಸ್ಸಿನವರ ತಲೆಗೆ ಬಲವಾಗಿ ಹೊಡೆದರೆ, ತಾನು ಬಯಸದ ಹಾನಿಯಾದರೂ ಅದು ಅವನದೇ. ಏಕೆಂದರೆ ಅದು ಊಹಿಸಬಹುದಾದ ಹಾನಿ. ಸಿಟ್ಟು ನೆತ್ತಿಗೇರಿತ್ತು ಎನ್ನಬಹುದು, ಹಾಗಾದರೆ ಸಿಟ್ಟಿನ ಫಲವನ್ನೂ ಉಣ್ಣಬೇಕು. ವಯಸ್ಸು, ಕಾಲ, ಶಕ್ತಿಗಳನ್ನು ನೋಡಿ ಪ್ರಾಯಶ್ಚಿತ್ತ ವಿಧಿಸಬೇಕು ಎನ್ನುವ ಧರ್ಮಶಾಸ್ತ್ರದ ಶ್ಲೋಕವೂ ತೀರ್ಪಿನಲ್ಲಿ ಬಂದಿದೆ. ಆ ಶ್ಲೋಕ ಹೇಳುವುದು ತಪ್ಪು ಮಾಡಿದವನ ಶಕ್ತಿಯ ಬಗ್ಗೆ, ತಡೆದುಕೊಳ್ಳುವ ಶಕ್ತಿಯ ಬಗ್ಗೆ. ತೀರ್ಪು ಅಳೆದದ್ದು ಹೊಡೆಯುವ ಶಕ್ತಿಯನ್ನು. ಅದೇನೇ ಇರಲಿ.

ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಬಂದ ಅತ್ಯಂತ ಉಪಯುಕ್ತ ಮಾತು ಇದು. ಹೊಣೆ ಎನ್ನುವುದು ಎಲ್ಲರಿಗೂ ಸಮನಾಗಿ ಹಂಚಿದ ಪಡಿ ಅಲ್ಲ. ಕಸುವು ಹೆಚ್ಚಿದ್ದವನಿಗೆ ಹೊಣೆಯೂ ಹೆಚ್ಚು. ರಸ್ತೆಗೆ ಇದನ್ನು ಹಚ್ಚಿ ನೋಡಿ. ಲಾರಿಗೂ ಸೈಕಲ್ಲಿಗೂ ಡಿಕ್ಕಿಯಾದರೆ ನಮ್ಮ ಜನ ವಿಚಾರಿಸದೆ ಲಾರಿಯವನನ್ನು ಹಿಡಿದುಕೊಳ್ಳುತ್ತಾರೆ ಎಂದು ದೂರುತ್ತೇವೆ. ಆ ಜನರ ಒರಟು ನ್ಯಾಯದೊಳಗೂ ಇದೇ ಅಳತೆ ಅಡಗಿದೆ. ತಪ್ಪು ಯಾರದೇ ಇರಲಿ, ಕೊಲ್ಲಬಲ್ಲವನು ಎಚ್ಚರದಿಂದಿರಬೇಕಿತ್ತು.

ಆದರೆ ಇದೇ ತರ್ಕ ಹಿಡಿದು ಒಂದು ಹೆಜ್ಜೆ ಮುಂದೆ ಹೋದರೆ ತೀರ್ಪು ನಿಂತ ಜಾಗ ಅಲುಗಾಡುತ್ತದೆ. ತಲೆಗೆ ಹೀಗೆ ಹೊಡೆದರೆ ಅಪಾಯ ಎಂದು ಊಹಿಸಬಹುದಿತ್ತು, ಕೈಯೇ ಆಯುಧವಾಗಿತ್ತು ಎನ್ನುವುದಾದರೆ, 304ನೇ ಕಲಂ ಕೇಳುವ ‘ಅರಿವಿ’ಗೂ ಇದಕ್ಕೂ ಎಷ್ಟು ದೂರ? ದೂರ ಇದೆ ಎನ್ನುತ್ತಾರೆ ಕಾನೂನು ಬಲ್ಲವರು. ಹಾನಿಯಾದೀತು ಎಂಬ ಊಹೆ ಬೇರೆ, ಪ್ರಾಣವೇ ಹೋದೀತು ಎಂಬ ಅರಿವು ಬೇರೆ. ಒಪ್ಪುತ್ತೇನೆ. ಜೊತೆಗೆ, ಸಾವಿನ ಕಾರಣವೇ ಸಂಶಯಾಸ್ಪದ ಎಂದು 2018ರಲ್ಲಿ ಆದ ತೀರ್ಮಾನ ಹಾಗೆಯೇ ಉಳಿದಿತ್ತು, ಪೀಠದ ಕೈ ಕಟ್ಟಿತ್ತು. ಹೀಗಾಗಿ ಕಾನೂನಿನ ಕಣ್ಣಿಗೆ ಸಿಧು ಇಂದಿಗೂ ಒಬ್ಬರನ್ನು ಕೊಂದವರಲ್ಲ, ಗಾಯಪಡಿಸಿದವರು. ಇದನ್ನು ಬರೆಯುವವರೂ ಓದುವವರೂ ಮರೆಯಬಾರದು. ಹಿರಿಯರ ಸಾವು ಮಾತ್ರ ಯಾವ ಕಲಂಗೂ ಸೇರದೆ, ಯಾರ ಹೆಸರಿಗೂ ಬರೆಯಿಸಿಕೊಳ್ಳದೆ ಕಡತದಲ್ಲಿ ಉಳಿದುಹೋಯಿತು.

ಪಕ್ಕದಲ್ಲಿದ್ದವನು, ಸುತ್ತ ನಿಂತವರು

ಗೆಳೆಯನ ಕಥೆ ವಿಚಿತ್ರ. ಪೊಲೀಸರ ಪಟ್ಟಿಯಲ್ಲಿ ಅವನೊಬ್ಬನೇ ಆರೋಪಿ. ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲಿ ಅವನೊಬ್ಬನೇ ಖುಲಾಸೆ. ಹಲವರು ಸೇರಿ ಮಾಡಿದ ಕೃತ್ಯಕ್ಕೆ ಎಲ್ಲರನ್ನೂ ಹೊಣೆ ಮಾಡಲು ದಂಡ ಸಂಹಿತೆಯಲ್ಲಿ 34ನೇ ಕಲಂ ಇತ್ತು. ಅದಕ್ಕೆ ‘ಸಮಾನ ಉದ್ದೇಶ’ ಸಾಬೀತಾಗಬೇಕಿತ್ತು. ರಸ್ತೆ ಜಗಳದಲ್ಲಿ ಇದು ಕಷ್ಟ, ಕಷ್ಟವಾಗಿರುವುದೇ ಸರಿ. ಒಂದೇ ಗಾಡಿಯಲ್ಲಿ ಕೂತಿದ್ದ ಮಾತ್ರಕ್ಕೆ ಮನಸ್ಸೂ ಒಂದೇ ಆಗಿತ್ತು ಎಂದು ಹೇಳಲಾಗದು. ಅವನು ಕೈ ಹಿಡಿದು ಎಳೆದಿದ್ದರೆ ಎಂದು ಕೇಳಬಹುದು, ಆದರೆ ತಡೆಯದಿರುವುದು ನಮ್ಮಲ್ಲಿ ಅಪರಾಧವಲ್ಲ. ಸುತ್ತ ನಿಂತು ನೋಡಿದವರದೂ ಅಷ್ಟೇ. ಹಗಲು ಹೊತ್ತು, ಊರ ನಡುವಿನ ಚೌಕ, ಎಷ್ಟೋ ಕಣ್ಣುಗಳು ನೋಡಿರಬೇಕು. ಮೊಕದ್ದಮೆ ಮಾತ್ರ ಕಡೆಯವರೆಗೂ ಸಾಕ್ಷಿಗಳ ಕೊರತೆಯಲ್ಲೇ ಕುಂಟಿತು, ನಿಂತದ್ದು ಸತ್ತವರ ಜೊತೆಗಿದ್ದವರ ಮಾತಿನ ಮೇಲೆ. ಆ ಚೌಕದ ಜನರನ್ನು ನಾನು ಬೈಯಲಾರೆ. 1988ರ ಪಂಜಾಬು ಅದು, ಉಗ್ರವಾದದ ಕಾಲ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಸಾಕ್ಷಿ ಹೇಳುವುದು ಯಾರಿಗೂ ಸುಲಭವಿರಲಿಲ್ಲ. ಇಂದು ಎಷ್ಟೋ ಕಾರುಗಳ ಮುಂದೆ ಕ್ಯಾಮೆರಾ, ಬಹುತೇಕರ ಕೈಯಲ್ಲಿ ಮೊಬೈಲು ಇವೆ. ಯಾರು ಹೊಡೆದದ್ದು ಎಂಬ ಪ್ರಶ್ನೆ ಈಗ ಬೇಗ ಬಗೆಹರಿಯುತ್ತದೆ. ಹೊಡೆದವನಿಗೆ ಏನು ಅರಿವಿತ್ತು ಎಂಬುದು ಯಾವ ಕ್ಯಾಮೆರಾಗೂ ಸಿಗುವುದಿಲ್ಲ.

ಹಿರಿಯರೂ ಮಾತು ಹೆಚ್ಚು ಆಡಿರಬಹುದಲ್ಲ ಎಂದು ಕೇಳುವವರಿದ್ದಾರೆ. ಆಡಿದ್ದರೂ ಆಡಿರಬಹುದು. ಹಠಾತ್ ಕೆರಳಿಕೆ, ಹಠಾತ್ ಹೊಡೆದಾಟ ಇವೆಲ್ಲಕ್ಕೂ ಕಾನೂನು ಅಪರಾಧದ ತೂಕ ಇಳಿಸುತ್ತದೆ, ಕೊಲೆಯನ್ನು ಕೊಲೆಯಲ್ಲದ ನರಹತ್ಯೆಗೆ ಇಳಿಸುತ್ತದೆ. ಇಲ್ಲಿ ಅದಕ್ಕಿಂತ ಕೆಳಗೂ ಇಳಿದದ್ದಾಗಿದೆ. ಮಾತಿಗೆ ಇದಕ್ಕಿಂತ ಹೆಚ್ಚಿನ ಬೆಲೆ ಕೊಡಬೇಕಿಲ್ಲ. ರಸ್ತೆಗೆ ಅಡ್ಡ ನಿಂತ ಗಾಡಿ ತೆಗೆಯಿರಿ ಎನ್ನುವುದಂತೂ ಕೆರಳಿಕೆ ಎನಿಸಿಕೊಳ್ಳಲಾರದು.

‘ರೋಡ್ ರೇಜ್’ ಎಂಬ ಹೆಸರಿನ ಅಪರಾಧ ಭಾರತದ ಯಾವ ಸಂಹಿತೆಯಲ್ಲೂ ಇಲ್ಲ. ಹಳೆಯ ಐಪಿಸಿಯಲ್ಲಿ ಇರಲಿಲ್ಲ, ಹೊಸ ನ್ಯಾಯ ಸಂಹಿತೆಯಲ್ಲೂ ಬಂದಿಲ್ಲ. ಪ್ರತ್ಯೇಕ ಕಲಂ ಬೇಕೆಂಬ ಕೂಗು ಆಗಾಗ ಏಳುತ್ತದೆ. ಪಟಿಯಾಲದ ಕಡತ ಓದಿದ ಮೇಲೆ ನನಗೆ ಆ ಕೂಗಿನಲ್ಲಿ ನಂಬಿಕೆ ಕಡಿಮೆಯಾಗಿದೆ. ಇಲ್ಲಿ ಕಲಂಗಳಿಗೆ ಬರವಿರಲಿಲ್ಲ. ಕೊಲೆಯಿಂದ ಹಿಡಿದು ಗಾಯದವರೆಗೆ ಏಣಿಯ ಎಲ್ಲ ಮೆಟ್ಟಿಲೂ ಇದ್ದವು. ಕಾಲ ಕಳೆದಂತೆ ಪ್ರಕರಣ ಒಂದೊಂದೇ ಮೆಟ್ಟಿಲು ಇಳಿಯಿತು, ಕಡೆಗೆ ನೆಲ ಮುಟ್ಟಿತು. ನೆಲದಿಂದ ಒಂದು ಮೆಟ್ಟಿಲು ಮೇಲಕ್ಕೆತ್ತಲು ಮತ್ತೆ ನಾಲ್ಕು ವರ್ಷ ಹಿಡಿಯಿತು.

ತೀರ್ಪು ಬಂದ ದಿನ ಸಿಧು, ಕಾನೂನಿನ ಘನತೆಗೆ ತಲೆಬಾಗುತ್ತೇನೆ ಎಂದು ಟ್ವಿಟರ್‌ನಲ್ಲಿ ಬರೆದರು. ಮರುದಿನ, ಮೇ 20ರಂದು, ಪಟಿಯಾಲದ ನ್ಯಾಯಾಲಯಕ್ಕೆ ಶರಣಾದರು. ಒಂದು ವರ್ಷದ ಸಜೆ ಆದ್ದರಿಂದ ಚುನಾವಣೆಗೆ ನಿಲ್ಲುವ ಅರ್ಹತೆಗೆ ಧಕ್ಕೆಯಾಗಲಿಲ್ಲ. ಅದು ಹೋಗಲು ಸಾಮಾನ್ಯವಾಗಿ ಎರಡು ವರ್ಷವಾದರೂ ಬೇಕು. ಸನ್ನಡತೆಯ ರಿಯಾಯಿತಿ ಸಿಕ್ಕಿ, ಸುಮಾರು ಹತ್ತು ತಿಂಗಳು ಕಳೆದು 2023ರ ಏಪ್ರಿಲ್ 1ರಂದು ಪಟಿಯಾಲ ಕೇಂದ್ರ ಕಾರಾಗೃಹದಿಂದ ಹೊರಬಂದರು. ಹೊರಗೆ ಬೆಂಬಲಿಗರು, ಡೋಲು, ಮೈಕುಗಳು ಕಾದಿದ್ದವು. ಅವರಿಗೆ ಆಗ 59 ವರ್ಷ. ಚೌಕದಲ್ಲಿ ಬಿದ್ದ ಹಿರಿಯರ ವಯಸ್ಸಿಗೆ ಆರು ವರ್ಷ ಕಡಿಮೆ.